ರಾತ್ರಿ ಪಾಳಿಯ ರಿಜಿಸ್ಟರು

2020ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದಾಗ ನಾನು ಪಾಠ ಹೇಳುತ್ತಿದ್ದ ಮದ್ರಸಾದ ಬಾಗಿಲೂ ಮುಚ್ಚಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಕಲ್ಪತರು ನಾಡಿನಲ್ಲಿ ನಮ್ಮ ಸಮುದಾಯದ ಅನೇಕ ಮನೆಗಳು ತೆಂಗಿನ ಸುತ್ತಲೇ ಬದುಕುತ್ತವೆ. ಕಾಯಿ ಸುಲಿಯುವವರು, ಕೊಬ್ಬರಿ ಒಡೆಯುವವರು, ಎಳನೀರನ್ನು ಲಾರಿಗೆ ತುಂಬುವವರು, ಮಂಡಿಯಲ್ಲಿ ಮೂಟೆ ಹೊರುವವರು. ಅವರ ಕೈ ಬರಿದಾದರೆ ಮದ್ರಸಾದ ಉಸ್ತಾದನ ಕೈಯೂ ಬರಿದಾಗುತ್ತದೆ. ಒಂದು ವರ್ಷ ಹೇಗೋ ಸಾಗಿತು. 2021ರಲ್ಲಿ ಸಂಬಂಧಿಕರೊಬ್ಬರು ಒಂದು ಸುದ್ದಿ ತಂದರು. ಜಿಲ್ಲೆಯ ಖಾಸಗಿ ಮಾನಸಿಕ ಚಿಕಿತ್ಸೆ ಹಾಗೂ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ರಾತ್ರಿ ಪಾಳಿಗೆ ಸಹಾಯಕರು ಬೇಕಾಗಿದ್ದಾರೆ, ಕನ್ನಡ, ಉರ್ದು ಎರಡೂ ಬಲ್ಲವರಾದರೆ ಒಳ್ಳೆಯದಂತೆ. ಆಲಿಮ್ ಕೋರ್ಸ್ ಮುಗಿಸಿ ಕನ್ನಡದಲ್ಲಿ ಬಿ.ಎ. ಮಾಡಿದ ನನಗೆ ಈ ಎರಡು ಭಾಷೆಗಳು ಅಂತಹ ಜಾಗದಲ್ಲಿ ಅನ್ನ ಕೊಡುತ್ತವೆಂದು ನಾನು ಎಣಿಸಿರಲಿಲ್ಲ.

ಎರಡು ವರ್ಷ ಅಲ್ಲಿದ್ದೆ. ಅಲ್ಲಿಯ ಸಂಗತಿಗಳನ್ನು ಬರೆಯಬೇಕೇ ಬೇಡವೇ ಎಂದು ಬಹಳ ದಿನ ಯೋಚಿಸಿದೆ. ರೋಗಿಯ ಗುಟ್ಟು ಅಮಾನತ್ತು. ಆದ್ದರಿಂದ ಹೆಸರು, ಊರು, ಸಂಬಂಧಗಳನ್ನು ಮರೆಸಿದ್ದೇನೆ. ಮರೆಸಲಾಗದ್ದು ನನ್ನದೇ ತಪ್ಪು. ಅದನ್ನು ಮಾತ್ರ ಇದ್ದಂತೆಯೇ ಬರೆಯುತ್ತೇನೆ.

ಸಹಾಯಕನ ಕೆಲಸವೆಂದರೆ ಏನೆಂದು ಓದುಗರು ಕೇಳಬಹುದು. ಔಷಧ ಬರೆಯುವವರು ಡಾಕ್ಟರು, ಕೊಡುವವರು ಸಿಸ್ಟರ್. ಉಳಿದ ಹನ್ನೆರಡು ಗಂಟೆ ರೋಗಿಯ ಜೊತೆ ಇರುವವನು ಸಹಾಯಕ. ಹೊಸಬರು ದಾಖಲಾದಾಗ ಚೀಲ ಬಿಚ್ಚಿ ಬೆಲ್ಟು, ಬ್ಲೇಡು, ಬೆಂಕಿಪೊಟ್ಟಣ, ಲಾಡಿ ತೆಗೆದಿಟ್ಟು ಪಟ್ಟಿ ಬರೆಯಬೇಕು. ಬಿ.ಪಿ., ನಾಡಿ, ಜ್ವರ ನೋಡಿ ಗುರುತು ಹಾಕಬೇಕು. ಮಾತ್ರೆ ನುಂಗಿದರೋ ನಾಲಿಗೆಯಡಿ ಬಚ್ಚಿಟ್ಟರೋ ನೋಡಬೇಕು. ಗಡ್ಡ ತೆಗೆಯಬೇಕು, ಉಗುರು ಕತ್ತರಿಸಬೇಕು, ಊಟ ಬಿಟ್ಟವರ ಪಕ್ಕದಲ್ಲಿ ತಟ್ಟೆ ಹಿಡಿದು ಕೂರಬೇಕು. ಜೀವದ ಮೇಲೆ ಆಸೆ ಕಳೆದುಕೊಂಡವರನ್ನು ಹದಿನೈದು ನಿಮಿಷಕ್ಕೊಮ್ಮೆ ಕಣ್ಣಾರೆ ನೋಡಿ, ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಸಿಟ್ಟಿನಲ್ಲಿರುವವರ ಎದುರು ನೆಟ್ಟಗೆ ನಿಲ್ಲಬಾರದು, ಸ್ವಲ್ಪ ಓರೆಯಾಗಿ, ಕೈಗೆಟುಕದಷ್ಟು ದೂರದಲ್ಲಿ, ಬಾಗಿಲಿಗೆ ಅಡ್ಡವಾಗದಂತೆ ನಿಲ್ಲಬೇಕು, ದನಿ ಏರಿಸಬಾರದು. ಇದನ್ನು ಕಲಿಸಿದವರು ಗುಬ್ಬಿ ಕಡೆಯ ಒಬ್ಬ ಹಿರಿಯ ಸಹಾಯಕರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. "ಮೇಷ್ಟ್ರೇ, ನೀವು ಪಾಠ ಹೇಳೋ ಹಾಗೆ ಮಾತಾಡ್ತೀರಿ. ಇಲ್ಲಿ ಪಾಠ ಹೇಳಿಸಿಕೊಳ್ಳೋರು ಯಾರೂ ಇಲ್ಲ, ಸುಮ್ಮನೆ ಕೇಳಿಸಿಕೊಳ್ಳಿ" ಎಂದು ಮೊದಲ ವಾರವೇ ತಿದ್ದಿದರು. ಇಪ್ಪತ್ತು ವರ್ಷ ಉಪದೇಶ ಮಾಡಿದ ಬಾಯಿಗೆ ಅದು ಸುಲಭವಾಗಲಿಲ್ಲ.

ಈ ಕೆಲಸಕ್ಕೆ ಸೇರುವ ಮೊದಲೇ ನನ್ನೊಳಗೆ ಒಂದು ಹಗ್ಗವಿತ್ತು. ನನ್ನ ತಂದೆಯ ಕೊನೆಯ ತಮ್ಮ, ನಮ್ಮ ಚಾಚಾ, ಇಪ್ಪತ್ತರ ಹರೆಯದಲ್ಲಿ ಯಾರಿಗೂ ಕೇಳಿಸದ ಮಾತುಗಳಿಗೆ ಉತ್ತರ ಕೊಡಲು ತೊಡಗಿದರು. ತಾಯಿತ ಕಟ್ಟಿಸಿದರು, ನೀರು ಊದಿಸಿದರು, ನಿಂಬೆಹಣ್ಣು ಕೊಯ್ಸಿದರು. ಕಡೆಗೆ ತುರುವೇಕೆರೆ ಸೀಮೆಯ ನಮ್ಮ ತೋಟದ ಮನೆಯಲ್ಲಿ, ಕೊಬ್ಬರಿ ಕಾಯಿ ತುಂಬಿಡುತ್ತಿದ್ದ ಅಟ್ಟದ ಕೆಳಗಿನ ಕಂಬಕ್ಕೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿದರು. ಉಂಡೆ ಕೊಬ್ಬರಿಗೆಂದು ಏರಿಸಿದ ಕಾಯಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಇರುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುವ ತನಕ ಯಾರೂ ಅದನ್ನು ಇಳಿಸುವುದಿಲ್ಲ. ಆ ವರ್ಷದ ಕಾಯಿ ಇಳಿದು ಮುಂದಿನ ವರ್ಷದ ಕಾಯಿ ಏರಿತು. ಚಾಚಾ ಮಾತ್ರ ಅಲ್ಲೇ ಇದ್ದರು. ಊಟದ ತಟ್ಟೆ ಒಯ್ಯುತ್ತಿದ್ದವನು ನಾನು, ಹತ್ತು ವರ್ಷದ ಹುಡುಗ. ಅವರ ಮಣಿಕಟ್ಟಿನ ಸುತ್ತ ಚರ್ಮ ಕಪ್ಪಾಗಿತ್ತು. ಕ್ರೂರಿಗಳು ಯಾರೂ ನಮ್ಮ ಮನೆಯಲ್ಲಿರಲಿಲ್ಲ ಎಂಬುದನ್ನೂ ಹೇಳಬೇಕು. ದಾದಿ ಪ್ರತಿರಾತ್ರಿ ಆ ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಹಚ್ಚಿ, ಮತ್ತೆ ಹಗ್ಗ ಬಿಗಿಯುತ್ತಿದ್ದರು.

2001ರಲ್ಲಿ, ನಾನು ಮದ್ರಸಾದ ಕೊನೆಯ ವರ್ಷಗಳಲ್ಲಿದ್ದಾಗ, ಚಾಚಾರನ್ನು ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ ಬಿಟ್ಟುಬರುವ ಮಾತು ಮನೆಯಲ್ಲಿ ನಡೆದಿತ್ತು. ಅಲ್ಲಿ ದರ್ಗಾದ ಸುತ್ತ ಮನೋರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಮನೆಗಳಿದ್ದವು. ಅದೇ ವರ್ಷ ಆಗಸ್ಟ್ 6ರ ಮುಂಜಾನೆ ಅಂತಹ ಒಂದು ಮನೆಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿತರಾಗಿದ್ದವರಿಗೆ ಓಡಿ ಪಾರಾಗಲು ಆಗಲಿಲ್ಲ. 28 ಮಂದಿ ಸತ್ತರು. ಸುಪ್ರೀಂ ಕೋರ್ಟು ಸ್ವಯಂಪ್ರೇರಿತವಾಗಿ ಆ ವಿಷಯವನ್ನು ಕೈಗೆತ್ತಿಕೊಂಡಿತು. ನಮ್ಮ ಮನೆಯಲ್ಲಿ ಪತ್ರಿಕೆ ಓದಿ ಹೇಳಿದವನು ನಾನೇ. ದಾದಾ ಬಹಳ ಹೊತ್ತು ಮಾತನಾಡಲಿಲ್ಲ. ಏರ್ವಾಡಿಯ ಮಾತು ಅಲ್ಲಿಗೆ ನಿಂತಿತು, ಹಗ್ಗ ನಿಲ್ಲಲಿಲ್ಲ. ಧರ್ಮ ಕಲಿತವನಾಗಿ ನಾನು ಆ ದಿನ ಒಂದು ಮಾತು ಆಡಬಹುದಿತ್ತು. ಬುದ್ಧಿ ಕಳೆದುಕೊಂಡವನಿಗೆ ನಮಾಝ್, ರೋಝಾಗಳ ಹೊಣೆಯೂ ಇಲ್ಲ, ಪಾಪದ ಬರಹವೂ ಇಲ್ಲ ಎಂದು ಫಿಕ್ಹ್ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ಅಲ್ಲಾಹನೇ ವಿಚಾರಣೆಯಿಂದ ಬಿಟ್ಟವನನ್ನು ನಾವು ಕಂಬಕ್ಕೆ ಕಟ್ಟಿದ್ದೇವಲ್ಲ ಎಂದು ಕೇಳಲು ನಾಲಿಗೆ ಏಳಲಿಲ್ಲ. ಮೂರು ವರ್ಷದ ನಂತರ ಚಾಚಾ ಅದೇ ತೋಟದ ಮನೆಯಲ್ಲಿ ತೀರಿಕೊಂಡರು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಕೇಂದ್ರಕ್ಕೆ ಸೇರಿದಾಗ ಮೊದಲು ಓದಿಸಿದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕೆಲವು ಪುಟಗಳನ್ನು. 2018ರ ಮೇ 29ರಿಂದ ಜಾರಿಯಲ್ಲಿರುವ ಈ ಕಾಯ್ದೆ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಬಂಧಿಸಕೂಡದು ಎಂದು ನಿಷೇಧಿಸಿದೆ. ತನಗೋ ಇತರರಿಗೋ ಆ ಕ್ಷಣವೇ ಹಾನಿ ಮಾಡಿಕೊಳ್ಳುವ ಸ್ಥಿತಿ ಇದ್ದು, ಬೇರೆ ದಾರಿಯೇ ಇಲ್ಲದಿದ್ದರೆ, ಮನೋವೈದ್ಯರ ಅನುಮತಿಯಿಂದ, ಬೇಕಾದಷ್ಟೇ ಹೊತ್ತು ತಡೆಹಿಡಿಯಬಹುದು. ಏಕೆ, ಎಷ್ಟು ಹೊತ್ತು ಎಂದು ದಾಖಲಿಸಬೇಕು, 24 ಗಂಟೆಯೊಳಗೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸಬೇಕು. ಶಿಕ್ಷೆಯಾಗಿ ಮಾಡುವಂತಿಲ್ಲ, ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೂ ಮಾಡುವಂತಿಲ್ಲ. ಆ ಪುಟ ಓದುವಾಗ ನನಗೆ ಕಾಣುತ್ತಿದ್ದುದು ಎಣ್ಣೆ ಹಚ್ಚಿದ ಮಣಿಕಟ್ಟು.

ಮೊದಲ ತಿಂಗಳು ಕೊಬ್ಬರಿ ವ್ಯಾಪಾರದಲ್ಲಿದ್ದ ಒಬ್ಬರು ದಾಖಲಾದರು. ನಮ್ಮವರೇ. ನಮ್ಮಲ್ಲಿ ಕುಡಿತವಿಲ್ಲ ಎಂದು ಜುಮಾ ಪ್ರಸಂಗದಲ್ಲಿ ಹೇಳಲು ಚೆನ್ನಾಗಿರುತ್ತದೆ, ಆ ಕೇಂದ್ರದ ದಾಖಲಾತಿ ಪುಸ್ತಕ ಹಾಗೆ ಹೇಳುತ್ತಿರಲಿಲ್ಲ. ಮಾನ ಹೋಗುತ್ತದೆಂದು ಮನೆಯವರು ಅವರನ್ನು ಎರಡು ದಿನ ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸಲು ನೋಡಿದ್ದರಂತೆ. ಇದು ಎಷ್ಟು ಅಪಾಯವೆಂದು ಅಲ್ಲಿಯೇ ತಿಳಿದೆ. ವರ್ಷಗಟ್ಟಲೆ ಪ್ರತಿದಿನ ಹೆಚ್ಚು ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಭ್ರಮೆ, ನಡುಕ, ಜ್ವರ ಏರಿ ಪ್ರಾಣವೇ ಹೋಗಬಹುದು. ಅದಕ್ಕೆ ಔಷಧವಿದೆ, ಬಿ-1 ವಿಟಮಿನ್ನಿನ ಚುಚ್ಚುಮದ್ದಿದೆ. ಕೋಣೆಯ ಚಿಲಕ ಔಷಧವಲ್ಲ. ಅವರು ಬಂದ ರಾತ್ರಿ ಹಾಸಿಗೆಯ ಮೇಲೆ ಕುಳಿತು, ಇಲ್ಲದ ಕಾಯಿಯನ್ನು ಇಲ್ಲದ ಕಬ್ಬಿಣದ ಮೊನೆಗೆ ಚುಚ್ಚಿ, ತಿರುಚಿ, ಮಟ್ಟೆ ಬಿಡಿಸಿ ಪಕ್ಕಕ್ಕೆ ಹಾಕುತ್ತಿದ್ದರು. ನೂರಾ ಹನ್ನೆರಡು, ನೂರಾ ಹದಿಮೂರು ಎಂದು ಎಣಿಕೆ ತಪ್ಪದೆ ನಡೆಯುತ್ತಿತ್ತು. ಚಿಕ್ಕಂದಿನಲ್ಲಿ ಕಾಯಿ ಸುಲಿದವರಂತೆ. ನಗಬೇಕೆನಿಸಿತು. ಅಷ್ಟರಲ್ಲಿ ಕಣ್ಣು ಮೇಲಾಗಿ, ದೇಹ ಬಿಲ್ಲಿನಂತೆ ಸೆಟೆದು ಬಿದ್ದರು.

ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ನಮ್ಮ ಕಡೆಯ ರೂಢಿ. ಎರಡೂ ತಪ್ಪು. ಅಣ್ಣ ಸಿಸ್ಟರನ್ನು ಕೂಗಿ, ಗಡಿಯಾರ ನೋಡಿ, ತಲೆಯ ಕೆಳಗೆ ದಿಂಬು ಕೊಟ್ಟರು. ಸೆಳೆತ ಇಳಿದ ಮೇಲೆ ಇಬ್ಬರೂ ಸೇರಿ ಎಡಮಗ್ಗುಲಿಗೆ ಹೊರಳಿಸಿದೆವು. ಲುಂಗಿ ಎಲ್ಲೋ ಹೋಗಿತ್ತು, ಬಟ್ಟೆಯಿಲ್ಲದ ಮೈ ಮೂತ್ರದಲ್ಲಿ ನೆನೆದಿತ್ತು. ಬಾಗಿಲಲ್ಲಿ ಅವರ ಹೆಂಡತಿ, ಹದಿನಾಲ್ಕು ಹದಿನೈದರ ಮಗಳು. ನಾನು ಹೆಗಲ ಮೇಲಿನ ರುಮಾಲನ್ನು ತೆಗೆದು ಹೊದಿಸಿದೆ. ಅದನ್ನು ಮಾಡುವಾಗ ಏನೂ ಯೋಚಿಸಿರಲಿಲ್ಲ. ಆಮೇಲೆ ನೆಲ ಒರೆಸುತ್ತಾ ಒಂದು ಹದೀಸ್ ನೆನಪಾಯಿತು.

ಇಬ್ನು ಅಬ್ಬಾಸ್(ರ) ತಮ್ಮ ಶಿಷ್ಯ ಅತಾಅ್‌ರಿಗೆ ಸ್ವರ್ಗಕ್ಕೆ ಸೇರಿದ ಮಹಿಳೆಯೊಬ್ಬರನ್ನು ತೋರಿಸಿದ ಪ್ರಸಂಗ ಅದು. ಸಹೀಹ್ ಬುಖಾರಿಯಲ್ಲಿದೆ. ಕಪ್ಪು ವರ್ಣದ ಆಕೆಗೆ ಮೂರ್ಛೆರೋಗ. ಪ್ರವಾದಿ(ಸ)ಯವರ ಬಳಿ ಬಂದು, ಬಿದ್ದಾಗ ಮೈಮೇಲಿನ ಬಟ್ಟೆ ಸರಿಯುತ್ತದೆ, ನನಗಾಗಿ ಪ್ರಾರ್ಥಿಸಿ ಎಂದರು. ಸಹನೆಯಿಂದಿದ್ದರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲೆಂದು ಪ್ರಾರ್ಥಿಸುವೆ ಎಂದು ಪ್ರವಾದಿ(ಸ) ಆಯ್ಕೆ ಮುಂದಿಟ್ಟರು. ಆಕೆ ಸಹನೆಯನ್ನು ಆರಿಸಿದರು. ಆದರೆ ಬಟ್ಟೆ ಸರಿಯದಂತೆ ಪ್ರಾರ್ಥಿಸಿ ಎಂದು ಕೇಳಿಕೊಂಡರು, ಪ್ರವಾದಿ(ಸ) ಹಾಗೆಯೇ ಪ್ರಾರ್ಥಿಸಿದರು. ಈ ಹದೀಸನ್ನು ನಾನು ವರ್ಷ ವರ್ಷವೂ ಸಬ್ರ್‌ನ ಪಾಠದಲ್ಲಿ ಹೇಳುತ್ತಿದ್ದೆ. ಸಹನೆಯ ಪ್ರತಿಫಲದ ಭಾಗವನ್ನು ವಿಸ್ತರಿಸಿ, ಬಟ್ಟೆಯ ಮಾತನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಿದ್ದೆ. ಆ ಮಹಿಳೆಗೆ ರೋಗಕ್ಕಿಂತ ದೊಡ್ಡದಾಗಿದ್ದುದು ಅದೇ. ಮೂರನೆಯ ದಿನ ಆ ವ್ಯಾಪಾರಿ ತಿಳಿವಿಗೆ ಬಂದಾಗ ಕೇಳಿದ ಮೊದಲ ಪ್ರಶ್ನೆ, "ಹಜರತ್, ಮಗಳು ನೋಡಿದಳಾ?" ಎಂಬುದು. "ಹೊದಿಕೆ ಇತ್ತು" ಎಂದೆ. ಅದು ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ.

ಇನ್ನು ನನ್ನ ತಪ್ಪಿನ ವಿಷಯ.

2022ರ ಚಳಿಗಾಲದ ಕೊನೆ. ಪದವಿ ಓದುತ್ತಿದ್ದ ಒಬ್ಬ ಹುಡುಗ ದಾಖಲಾಗಿದ್ದ. ಕೆಲವು ತಿಂಗಳು ನಿದ್ದೆಯೇ ಇಲ್ಲದೆ, ಊರೆಲ್ಲ ಸುತ್ತಿ, ಅಪ್ಪನ ಹಣ ಹಂಚಿ, ಬಳಿಕ ಇದ್ದಕ್ಕಿದ್ದಂತೆ ಕುಸಿದು ಬದುಕೇ ಬೇಡವೆನ್ನುವ ಸ್ಥಿತಿಗೆ ಇಳಿದಿದ್ದ. ಉನ್ಮಾದ, ಖಿನ್ನತೆ ಎರಡೂ ಸರದಿಯಲ್ಲಿ ಬರುವ ಕಾಯಿಲೆ ಅದು. ಹದಿನೈದು ನಿಮಿಷದ ನಿಗಾ ಅವನಿಗಿತ್ತು. ಆ ರಾತ್ರಿ ಎರಡು ಗಂಟೆಗೆ ಅವನು ಮಲಗಿದ್ದ. ವಾರ್ಡು ಶಾಂತವಾಗಿತ್ತು. ಎರಡು ರಕಅತ್ ತಹಜ್ಜುದ್ ಮುಗಿಸಿ ಬರೋಣವೆಂದು ಮೂಲೆಯಲ್ಲಿ ಜಾನಮಾಝ್ ಹಾಸಿದೆ. ಬಹಳ ದಿನಗಳ ನಂತರ ಮನಸ್ಸು ನಿಂತಿತು, ಕಣ್ಣೀರು ಬಂತು. ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಸಲಾಮ್ ಹೇಳಿ ಎದ್ದಾಗ ಗಡಿಯಾರದಲ್ಲಿ ಮೂರು. ಮೊದಲು ಮಾಡಿದ ಕೆಲಸವೆಂದರೆ ಮೇಜಿಗೆ ಹೋಗಿ ರಿಜಿಸ್ಟರಿನಲ್ಲಿ 2:15 ನಿದ್ದೆ, 2:30 ನಿದ್ದೆ, 2:45 ನಿದ್ದೆ ಎಂದು ಬರೆದು ಮೂರು ಸಹಿ ಹಾಕಿದ್ದು. ಮಸಿ ಒಣಗುವ ಮೊದಲೇ ಹೋಗಿ ನೋಡಿದರೆ ಹಾಸಿಗೆ ಖಾಲಿ.

ಹುಡುಗ ಸ್ನಾನದ ಮನೆಯ ನೆಲದ ಮೇಲೆ ಮಂಡಿಗೆ ತಲೆಯಿಟ್ಟು ಕುಳಿತಿದ್ದ. ಅಲ್‌ಹಮ್ದುಲಿಲ್ಲಾಹ್, ಏನೂ ಆಗಿರಲಿಲ್ಲ. ಎಷ್ಟು ಹೊತ್ತಾಯಿತು ಎಂದೆ. "ನೀವು ಅಳುತ್ತಿದ್ದಿರಿ ಹಜರತ್, ಕರೆಯಲು ಮನಸ್ಸಾಗಲಿಲ್ಲ" ಎಂದ.

ನಮಾಝಿನಲ್ಲಿರುವವನಿಗೆ ನೀರಿನಲ್ಲಿ ಮುಳುಗುವವನ ಕೂಗು ಕೇಳಿಸಿದರೆ, ಕುರುಡನೊಬ್ಬ ಬಾವಿಯತ್ತ ನಡೆಯುವುದು ಕಂಡರೆ, ಫರ್ಝ್ ನಮಾಝನ್ನಾದರೂ ಮುರಿದು ಓಡಬೇಕು. ಎಂಟು ವರ್ಷದ ಮಕ್ಕಳಿಗೂ ನಾನು ಕಲಿಸುವ ಮಸ್‌ಅಲಾ ಇದು. ನನ್ನದು ಫರ್ಝ್ ಆಗಿರಲಿಲ್ಲ, ಐಚ್ಛಿಕ. ಸಂಬಳ ಪಡೆದ ಸಮಯದಲ್ಲಿ, ಬೇರೊಬ್ಬನ ಪ್ರಾಣದ ಮೇಲಿನ ಕಾವಲನ್ನು ಬಿಟ್ಟು ನಾನು ಪಡೆದ ಸುಖವದು. ಅದರ ಮೇಲೆ ಸುಳ್ಳು ಸಾಕ್ಷಿಯ ಮೂರು ಸಹಿ. ಬೆಳಿಗ್ಗೆಯವರೆಗೆ ಅವನ ಹಾಸಿಗೆಯ ಪಕ್ಕದಲ್ಲೇ ಕುಳಿತು, ಡಾಕ್ಟರಮ್ಮ ಬಂದಾಗ ರಿಜಿಸ್ಟರು ಮುಂದಿಟ್ಟು ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಮೂರೂ ಸಾಲುಗಳನ್ನು ಓದಲು ಬರುವಂತೆಯೇ ಒಂದೊಂದು ಗೆರೆಯಿಂದ ಹೊಡೆಸಿದರು. ಪಕ್ಕದಲ್ಲಿ "ನೋಡಿಲ್ಲ" ಎಂದು ಬರೆಯಿಸಿ ಸಹಿ ಹಾಕಿಸಿದರು. ಹದಿನೈದು ದಿನ ನನ್ನನ್ನು ಆ ನಿಗಾ ಕೆಲಸದಿಂದ ತೆಗೆದರು. ಆ ಹಾಳೆ ಇಂದಿಗೂ ಯಾವುದೋ ಕಪಾಟಿನಲ್ಲಿರಬೇಕು. ನನ್ನ ಎಡಬಲದ ಬರಹಗಾರ ಮಲಕ್‌ಗಳ ಪುಸ್ತಕ ಹೇಗಿರಬಹುದೆಂದು ಆ ಹಾಳೆ ನೋಡಿದ ಮೇಲೆ ನನಗೆ ಊಹಿಸಲು ಸಾಧ್ಯವಾಯಿತು.

ಕೆಲವರು ಕೇಳುತ್ತಾರೆ, ಇದೆಲ್ಲ ಇಂಗ್ಲಿಷರ ವೈದ್ಯವಲ್ಲವೇ, ನಮ್ಮದು ಜಿನ್ನ್ ಮತ್ತು ಸಿಹ್ರ್‌ನ ವಿಷಯವಲ್ಲವೇ ಎಂದು. ಜಿನ್ನ್ ಇರುವುದನ್ನು ಕುರ್‌ಆನ್ ಹೇಳಿದೆ, ನಾನು ನಂಬುತ್ತೇನೆ. ಆದರೆ ಹಳೆಯ ಮುಸ್ಲಿಮರು ಪ್ರತಿಯೊಂದನ್ನೂ ಅದರ ತಲೆಗೆ ಕಟ್ಟಲಿಲ್ಲ. ನೂರುದ್ದೀನ್ ದಮಾಸ್ಕಸ್‌ನಲ್ಲಿ 1154ರಲ್ಲಿಯೂ ಸುಲ್ತಾನ್ ಕಲಾವೂನ್ ಕೈರೋದಲ್ಲಿ 1284ರಲ್ಲಿಯೂ ಕಟ್ಟಿಸಿದ ಬೀಮಾರಿಸ್ತಾನ್‌ಗಳಲ್ಲಿ ಮನೋರೋಗಿಗಳಿಗೂ ಜಾಗವಿತ್ತು, ಖರ್ಚು ವಕ್ಫ್‌ನದು. ಅಲ್ಲಿಯೂ ಉದ್ರಿಕ್ತರನ್ನು ಬಂಧಿಸುತ್ತಿದ್ದುದುಂಟು, ಸುಮ್ಮನೆ ಹೆಮ್ಮೆಪಟ್ಟು ಪ್ರಯೋಜನವಿಲ್ಲ. ಅದಕ್ಕೂ ಮೊದಲು, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಮೇಲೆ ಒಂದೇ ಗ್ರಂಥ ಬರೆದರು. ಕಾರಣ ತಿಳಿದ ದುಃಖ ಬೇರೆ, ಕಾರಣವೇ ಗೊತ್ತಾಗದೆ ಕವಿಯುವ ದುಃಖ ಬೇರೆ ಎಂದು ವಿಂಗಡಿಸಿದರು. ತೋಟ ಒಣಗಿದರೆ, ಕೊಬ್ಬರಿ ಬೆಲೆ ಬಿದ್ದರೆ ಬರುವ ದುಃಖ ನಮಗೆ ಅರ್ಥವಾಗುತ್ತದೆ. 2023ರಲ್ಲಿ ಕೇಂದ್ರ ಸರಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಸಾರಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗೆ ಇಳಿದಾಗ ಪ್ರತಿ ಮನೆಯ ಮುಖದಲ್ಲೂ ಅದು ಕಾಣುತ್ತಿತ್ತು. ಎಲ್ಲ ಇದ್ದೂ ಹಾಸಿಗೆ ಬಿಟ್ಟೇಳದ ಮಗನ ದುಃಖ ನಮಗೆ ಅರ್ಥವಾಗದೆ ಸೋಮಾರಿತನವೆಂದೋ ಈಮಾನ್ ಕಡಿಮೆಯೆಂದೋ ಹೆಸರಿಡುತ್ತೇವೆ.

ಆ ಹುಡುಗ ಗುಣಮುಖನಾಗಿ ಮನೆಗೆ ಹೋದ. ಲಿಥಿಯಂ ಎಂಬ ಮಾತ್ರೆ ನಡೆಯುತ್ತಿತ್ತು. ಅದು ಒಂದು ಬಗೆಯ ಲವಣ. ರಕ್ತದಲ್ಲಿ ಅದರ ಪ್ರಮಾಣ ಸ್ವಲ್ಪ ಕಡಿಮೆಯಾದರೆ ಉಪಯೋಗವಿಲ್ಲ, ಸ್ವಲ್ಪ ಹೆಚ್ಚಾದರೆ ವಿಷ. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ಅದು ರಕ್ತದಲ್ಲಿ ಏರುತ್ತದೆ. ಏಪ್ರಿಲ್‌ನಲ್ಲಿ ರಂಝಾನ್ ಬಂತು, ಬಿರುಬಿಸಿಲು. ಹುಡುಗ ಯಾರನ್ನೂ ಕೇಳದೆ ರೋಝಾ ಹಿಡಿದ. ಹತ್ತು ದಿನಗಳಾಗಿರಬಹುದು, ಅವನ ಅಮ್ಮಿ ಆಟೋದಲ್ಲಿ ಕರೆತಂದರು. ಕೈ ನಡುಕ, ಭೇದಿ, ತೊದಲು ಮಾತು, ಕುಡಿದವನ ಹಾಗೆ ತೂರಾಟ. ಡಾಕ್ಟರಮ್ಮ ನೋಡಿದ ತಕ್ಷಣ ಮಾತ್ರೆ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಾಹನ ಕೃಪೆಯಿಂದ ಉಳಿದ.

ಅವನು ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ ಔಷಧದ ಮಾತು ಮುಗಿಸಿ, ಉಳಿದದ್ದನ್ನು ನನಗೆ ಬಿಟ್ಟರು. ರೋಗಿಗೆ ರೋಝಾದಲ್ಲಿ ರಿಯಾಯಿತಿ ಇರುವುದು ಕುರ್‌ಆನ್‌ನ ಸ್ಪಷ್ಟ ಆದೇಶ, ಗುಣವಾಗುವ ನಿರೀಕ್ಷೆಯಿಲ್ಲದ ಕಾಯಿಲೆಯಾದರೆ ದಿನಕ್ಕೊಬ್ಬ ಬಡವನಿಗೆ ಊಟ ಕೊಡುವ ಫಿದ್ಯಾ ಇದೆ ಎಂದು ಹೇಳಿದೆ. ಅಮ್ಮಿ, "ಫಿದ್ಯಾ ಕೊಡ್ತೀವಿ ಹಜರತ್, ಅದಕ್ಕೇನು. ಬೀದಿಗೆ ಏನು ಹೇಳಲಿ?" ಎಂದರು. ಹುಡುಗ ತಲೆ ತಗ್ಗಿಸಿ ಅಂದ: "ಗಟ್ಟಿಮುಟ್ಟಾದ ಹುಡುಗ ರೋಝಾ ಬಿಟ್ಟರೆ ಕಾರಣ ಕೇಳ್ತಾರೆ. ಸಕ್ಕರೆ ಕಾಯಿಲೆ ಅಂತ ಸುಳ್ಳು ಹೇಳಲಾ? ನಿಜ ಹೇಳಿದರೆ ನಾನು ಹುಚ್ಚ." ಇದಕ್ಕೆ ನನ್ನ ಯಾವ ಕಿತಾಬಿನಲ್ಲೂ ಉತ್ತರ ಇರಲಿಲ್ಲ. ರಿಯಾಯಿತಿಯನ್ನು ಅಲ್ಲಾಹ್ ಕೊಟ್ಟಿದ್ದಾನೆ, ಅದನ್ನು ಬಳಸಲು ಬೇಕಾದ ಜಾಗವನ್ನು ನಾವು, ಜಮಾಅತ್‌ನವರು, ಕೊಟ್ಟಿರಲಿಲ್ಲ. ನಾನೇ ಮಿಂಬರಿನ ಪಕ್ಕದಲ್ಲಿ ನಿಂತು ರೋಝಾ ಬಿಡುವ ಯುವಕರನ್ನು ಎಷ್ಟು ಬಾರಿ ಹಂಗಿಸಿಲ್ಲ! ಆ ಸಾಲುಗಳಲ್ಲಿ ಇಂತಹ ಹುಡುಗರು ಎಷ್ಟು ಮಂದಿ ಕುಳಿತಿದ್ದರೋ.

2023ರಲ್ಲಿ ಮದ್ರಸಾಕ್ಕೆ ಮರಳಿದೆ. ಮಕ್ಕಳಿಗೆ ಈಗ ಆ ಮೂರ್ಛೆರೋಗದ ಮಹಿಳೆಯ ಹದೀಸನ್ನು ಹೇಳುವಾಗ ಬಟ್ಟೆಯ ಮಾತಿನಲ್ಲಿ ನಿಲ್ಲುತ್ತೇನೆ. ತಾಯಿತ ಕೇಳಿಕೊಂಡು ಬರುವವರಿಗೆ ದುಆ ಮಾಡಿ, 14416ಕ್ಕೆ ಕರೆ ಮಾಡಿಕೊಡುತ್ತೇನೆ. ಟೆಲಿ ಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತನಾಡುತ್ತಾರೆ. ಕೆಲವರಿಗೆ ಇದು ಇಷ್ಟವಾಗುವುದಿಲ್ಲ. ತಾಯಿತ ಬರೆಯಲು ಬರದವನು ಎಂಥ ಹಜರತ್ ಎಂದು ಬೇರೆಡೆಗೆ ಹೋಗುತ್ತಾರೆ.

ಆ ಹುಡುಗ ಪದವಿ ಮುಗಿಸಿ ಈಗ ತಿಪಟೂರಿನಲ್ಲೇ ಕೊಬ್ಬರಿ ಪುಡಿ ಮಾಡುವ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ರಂಝಾನಿನಲ್ಲಿ ಮಧ್ಯಾಹ್ನ ಊಟದ ಬಿಡುವಿಗೆ ನನ್ನ ಕೋಣೆಗೆ ಬರುತ್ತಾನೆ. ಮಣ್ಣಿನ ಹೂಜಿಯಲ್ಲಿ ನೀರು ತುಂಬಿಟ್ಟಿರುತ್ತೇನೆ. ಅವನು ಬಂದ ಕೂಡಲೇ ಬಾಗಿಲು ಮುಚ್ಚುತ್ತೇನೆ. ಎರಡು ಲೋಟ ನೀರು ಕುಡಿದು, ಡಬ್ಬಿ ಬಿಚ್ಚಿ ಊಟ ಮಾಡಿ, ಸ್ವಲ್ಪ ಹೊತ್ತು ಮಾತನಾಡಿ ಹೋಗುತ್ತಾನೆ. 2025ರ ರಂಝಾನಿನ ಒಂದು ಮಧ್ಯಾಹ್ನ, ಹೊರಗೆ ಮಕ್ಕಳು ವುಝೂ ಮಾಡುತ್ತಿದ್ದರು, ಮಸೀದಿಗೆ ಬರುವವರ ಚಪ್ಪಲಿ ಸದ್ದು ಕೇಳುತ್ತಿತ್ತು. ಅವನು ಹೂಜಿಯಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದ. ನಾನು ವಾಡಿಕೆಯಂತೆ ಬಾಗಿಲು ಮುಚ್ಚಲು ಎದ್ದೆ.

"ಇರಲಿ ಬಿಡಿ ಹಜರತ್, ಸೆಕೆ" ಎಂದ.